ತಂಗಡಿ ಕಡಿದ ಅಂಗಳ

ಬಸದಿಯ ಅಂಗಳದ ಎರಡೂ ಬದಿಗೆ ತಂಗಡಿ ಹೂಬಿಟ್ಟಿತ್ತು. ಘೋಡಗೇರಿ ದಾರಿಯ ಬದುವಿನಿಂದ ಬೀಜ ತಂದು ಪದ್ಮವ್ವ ಬೆಳೆಸಿದ ಸಾಲು. ಮಳೆಗಾಲ ಮುಗಿದು ಹಸಿರು ಕಂದುವ ಹೊತ್ತಿಗೆ ಅಂಗಳ ಅರಿಶಿನ ಚೆಲ್ಲಿದಂತಾಗಲಿ, ಜೇನು ಚಿಟ್ಟೆ ಬರಲಿ ಎಂಬುದು ಅವಳ ಆಸೆ. ಬಂದವು. ಚಿಟ್ಟೆ ಇಟ್ಟ ತತ್ತಿ ಒಡೆದು ಈಗ ಎಲೆ ಎಲೆಗೂ ಹಸಿರು ಹುಳ.

ತಕರಾರು ಶುರುವಾದದ್ದು ಅಲ್ಲಿಂದಲೇ. ಚಾತುರ್ಮಾಸ ಮುಗಿಸಿದ ಮುನಿ ಮಹಾರಾಜರು ಮರುದಿನ ಊರಿಗೆ ಬರುವವರಿದ್ದರು. ಬಸದಿ ಕಮಿಟಿಯ ಹಿರಿಯ, ಪದ್ಮವ್ವನ ಮೈದುನ ಆದಿನಾಥ, ಕೊಡಲಿ ಹಿಡಿದ ಆಳುಗಳೊಂದಿಗೆ ಬಂದು ನಿಂತ.

"ವೈನಿ, ಇವನ್ನ ಕಡಸ್ತೇವಿ. ಹುಳ ದಾರಿಗೆ ಇಳದಾವು. ಮಹಾರಾಜರ ಕಾಲಾಗ ಸಿಕ್ಕು ಒಂದು ಸತ್ರ ಆ ಪಾಪ ಯಾರ ತಲಿಮ್ಯಾಲೆ?"

"ಗಿಡ ಕಡದ್ರ ಹುಳ ಏನು ನಿಮ್ಮನಿಗೆ ಊಟಕ್ಕ ಬರ್ತಾವೇನು? ಸಾಯ್ತಾವ."

"ನಾವು ಕಡಿಯೂದು ಗಿಡ. ಹುಳ ಅಲ್ಲ."

"ಭಾಳ ಶ್ಯಾಣ್ಯಾ ಅದಿ ಬಿಡಪಾ! ಕೆರಿ ಒಡದು, ಮೀನ ಮುಟ್ಟಿಲ್ಲ ಅಂದಂಗಾತು."

ಆಳುಗಳು ನಕ್ಕರು. ಆದಿನಾಥ ನಗಲಿಲ್ಲ.

"ಹಿತ್ತಲ ಬಾಗಲಿಂದ ಕರಕೊಂಬರ್ರಿ. ಅಲ್ಲಿ ಬರೇ ಫರ್ಸಿಗಲ್ಲು ಐತಿ" ಎಂದಳು ಪದ್ಮವ್ವ.

"ಮಹಾರಾಜರನ್ನ ಹಿತ್ತಲಾಗಿಂದ? ಕಮಾನು ಮುಂದ ಕಟ್ಟೇವಿ, ಬ್ಯಾಂಡಿನವ್ರಿಗೆ ಹೇಳೇವಿ. ಏನ್ ಮಾತಂತ ಆಡ್ತೀರಿ!"

ದಿನಾ ಸಂಜೆ ಒಂದಿಂದ್ರಿಯದ ಜೀವದಿಂದ ಐದಿಂದ್ರಿಯದ ಜೀವದವರೆಗೆ ಎಲ್ಲಕ್ಕೂ ಕ್ಷಮೆ ಬೇಡಿ ಪಾಠ ಹೇಳುವ ದನಿ ಆದಿನಾಥನದೇ. ಅದನ್ನು ಕೇಳಿದರೆ ಪದ್ಮವ್ವನ ಕಣ್ಣು ತಾವಾಗಿ ಮುಚ್ಚುತ್ತಿದ್ದವು. ಅದೇ ದನಿ ಈಗ, "ಬುಡಕ್ಕ ಹಾಕ್ರಿ" ಎಂದಿತು.

ಬಿದ್ದ ಟೊಂಗೆಗಳಲ್ಲಿ ಉಡಿಗೆ ಹಿಡಿದಷ್ಟನ್ನು ತಂದು ಅವಳು ಮನೆಯಲ್ಲಿ ನೀರಿನ ಬಕೀಟಿಗೆ ನಿಲ್ಲಿಸಿದಳು. ಬೆಳಗಾಗುವುದರಲ್ಲಿ ಎಲೆಗಳು ಜೋತುಬಿದ್ದಿದ್ದವು. ಹುಳಗಳು ಹಸಿದು ಗೋಡೆ ಹತ್ತಿದ್ದವು.

"ಅತ್ತಿ, ಹಾಸಿಗ್ಯಾಗ ಹುಳ!" ಎಂದು ಸೊಸೆ ಆರತಿ ಚೀರಿದಳು.

ಬಸದಿಯಲ್ಲಿ ಕಡಿದ ಜಾಗದಲ್ಲಿ ಸಂಕೇಶ್ವರದಿಂದ ತಂದ ಕ್ರೋಟನ್ ಕುಂಡಗಳು ಸಾಲಾಗಿ ನಿಂತಿದ್ದವು. ಮಹಾರಾಜರು ನವಿಲುಗರಿಯ ಪಿಂಛಿ ಹಿಡಿದು, ನೆಲ ನೋಡುತ್ತ, ಮೆಲ್ಲಗೆ ಬಂದರು. ಅಷ್ಟರಲ್ಲಿ ಹಳದಿ ಚಿಟ್ಟೆಗಳ ಗುಂಪೊಂದು ಇಳಿಯಿತು. ಕುಂಡದಿಂದ ಕುಂಡಕ್ಕೆ ಹಾರಿ ಎಲೆ ಮುಟ್ಟಿ, ಬಿಟ್ಟು, ಮತ್ತೆ ಸುತ್ತತೊಡಗಿದವು.

"ನೋಡ್ರಿ, ಚಿಟ್ಟಿನೂ ದರ್ಶನಕ್ಕ ಬಂದಾವು!" ಆದಿನಾಥನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಜನ ಜೈಕಾರ ಹಾಕಿದರು.

"ದರ್ಶನಕ್ಕಲ್ಲೋ, ತತ್ತಿ ಇಡಾಕ ಎಲಿ ಹುಡಕಾಕತ್ತಾವು" ಎಂದಳು ಪದ್ಮವ್ವ. ಬ್ಯಾಂಡಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಇನ್ನೊಮ್ಮೆ ಕೂಗಿ ಹೇಳಿದಳು.

ಆರತಿ ಮೊಣಕೈ ತಿವಿದಳು. "ಕೈ ಮುಗೀರಿ ಅತ್ತಿ, ಎಲ್ಲಾರೂ ನೋಡಾಕತ್ತಾರ."

ಮಹಾರಾಜರು ಎದುರಿಗೇ ಬಂದಿದ್ದರು. ಅವರದೇನೂ ತಪ್ಪಿರಲಿಲ್ಲ, ಪದ್ಮವ್ವನಿಗೂ ಅದು ಗೊತ್ತಿತ್ತು. ಆದರೂ ಕೈ ಮೇಲೇಳಲಿಲ್ಲ.