ಎರಡು ಖಾಲಿ ಕುರ್ಚಿ

"ಅವಳು ಬರೋಕೆ ಇನ್ನೂ ಅರ್ಧ ಗಂಟೆ ಇದೆ. ಅಷ್ಟರಲ್ಲಿ ಬಿಚ್ಚಿಬಿಡು," ಎಂದು ಓದುಕೂಟದ ಗೆಳತಿ ಜಿನೀವಾ ಹೊಲಿಗೆ ಬಿಚ್ಚುವ ಪುಟ್ಟ ಕೊಕ್ಕೆಯನ್ನು ಲೊರ್ನಾಳ ಅಂಗೈಯಲ್ಲಿಟ್ಟಳು.

ಅವಳು ಎಂದರೆ ಆರ್ಲೀನ್, ಲೊರ್ನಾಳ ಸ್ವಂತ ಅಕ್ಕ. ಒಂಬತ್ತು ವರ್ಷದಿಂದ ಇಬ್ಬರ ನಡುವೆ ಮಾತಿಲ್ಲ. ನೆಬ್ರಾಸ್ಕದ ಆ ಊರಲ್ಲಿ ಇರುವುದೇ ಒಂದು ದಿನಸಿ ಅಂಗಡಿ, ಒಂದು ಚರ್ಚು, ಒಂದು ಲೈಬ್ರರಿ. ಅಲ್ಲಿ ಮುಖ ತಪ್ಪಿಸಿಕೊಂಡು ಬದುಕುವುದೂ ಒಂದು ಕಸುಬೇ. ಲೈಬ್ರರಿಯ ಓದುಕೂಟಕ್ಕೆ ಇಬ್ಬರೂ ಬರುತ್ತಿದ್ದರು. ಒಬ್ಬಳು ಬಾಗಿಲ ಬಳಿ ಕೂತರೆ ಇನ್ನೊಬ್ಬಳು ಹೀಟರಿನ ಬಳಿ.

ಆ ಚಳಿಗಾಲ ಕೂಟದ ಹೆಂಗಸರು ಆರು ಕಾದಂಬರಿ ಓದಿದ್ದರು. ಆರರಲ್ಲೂ ಮುನಿಸಿಕೊಂಡವರು, ಆರರಲ್ಲೂ ಯಾರೋ ಒಬ್ಬರು ಮೊದಲು ಸೋಲಬೇಕು. ಅದನ್ನೇ ಒಂದಕ್ಷರವೂ ಬರೆಯದೆ ಕೌದಿಯಲ್ಲಿ ಹೇಳೋಣ ಎಂದು ತೀರ್ಮಾನವಾಯಿತು. ಮುರಿದ ಸೇತುವೆ, ಒಡೆದು ಓದದ ಕಾಗದ, ಹೀಗೆ ಕಾದಂಬರಿಗೊಂದು ಚೌಕ. ನಡುವೆ ಮೇಜಿನ ಎದುರುಬದುರು ಎರಡು ಖಾಲಿ ಕುರ್ಚಿ. ಕುರ್ಚಿಯ ಯೋಚನೆ ಲೊರ್ನಾಳದೇ. ಕ್ಷಮೆಯ ಬಗ್ಗೆ ಅವತ್ತು ಎಲ್ಲರಿಗಿಂತ ಹೆಚ್ಚು ಮಾತಾಡಿದವಳೂ ಅವಳೇ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ.

ಚೌಕಟ್ಟಿಗೆ ಬಿಗಿದ ಕೌದಿಯ ಸುತ್ತ ಕೂತು ಎಲ್ಲರೂ ಹೊಲಿಯುವುದು ಅಲ್ಲಿನ ಪದ್ಧತಿ. ಕೈ ಕೆಟ್ಟವರ ಹೊಲಿಗೆಯನ್ನು ಅವರಿಲ್ಲದಾಗ ಬಿಚ್ಚಿ, ಬೇರೆಯವರು ಹಾಕಿ, ಏನೂ ಆಗದವರಂತೆ ಇರುವುದೂ ಪದ್ಧತಿಯೇ. ಆದರೆ ಆರ್ಲೀನಳ ಹೊಲಿಗೆಗೆ ಈ ಗತಿ ಬಂದೀತೆಂದು ಯಾರೂ ಎಣಿಸಿರಲಿಲ್ಲ. ಇಂಚಿಗೆ ಹತ್ತು ಹೊಲಿಗೆ ಹಾಕುತ್ತಿದ್ದ ಕೈ ಅದು. ಲೊರ್ನಾಳಿಗೆ ಸೂಜಿ ಹಿಡಿಯಲು ಕಲಿಸಿದ ಕೈ. ಈಗ ಕುರ್ಚಿಯ ಸುತ್ತ ದಾರ ಅಡ್ಡಾದಿಡ್ಡಿ ಹೋಗಿತ್ತು.

"ಕೈ ನಡುಗುತ್ತೆ. ಇನ್ನು ಹೆಚ್ಚಾಗೋದೇ ಅಂದಿದಾರಂತೆ ಡಾಕ್ಟ್ರು. ನಿಂಗೆ ಗೊತ್ತಿಲ್ವಾ?" ಎಂದಳು ಜಿನೀವಾ. "ಪ್ರದರ್ಶನಕ್ಕೆ ಹೋಗೋ ಕೌದಿ ಅಲ್ವಾ. ಅವಳಿಗೆ ನೋವಾಗ್ಬಾರ್ದು ಅಂತಾನೇ ಹೇಳ್ತಿಲ್ಲ."

ಜಿನೀವಾ ಕಾಫಿ ಮಾಡಲು ಒಳಗೆ ಹೋದಳು. ಲೊರ್ನಾ ಕೂತಳು, ಎದ್ದಳು, ಕಿಟಕಿಗೆ ಹೋಗಿ ಬಂದು ಮತ್ತೆ ಕೂತಳು. ಒಂಬತ್ತು ವರ್ಷದ ಹಿಂದೆ ಅವ್ವ ತೀರಿಕೊಂಡ ದಿನ ಹಿಮಗಾಳಿ. ನೀನು ದಾರಿಯಲ್ಲಿ ಸಿಕ್ಕಿಬೀಳುತ್ತೀಯೆಂದು, ನಿನ್ನ ಒಳ್ಳೆಯದಕ್ಕೇ ಫೋನ್ ಮಾಡಲಿಲ್ಲ ಎಂದಿದ್ದಳು ಆರ್ಲೀನ್. ನನ್ನ ಒಳ್ಳೆಯದು ನೋಡಲು ನೀನ್ಯಾರು ಎಂದಿದ್ದಳು ಲೊರ್ನಾ. ಅದೇ ಕೊನೆಯ ಮಾತು. ಮುಯ್ಯಿ ತೀರಿಸುವುದಾದರೆ ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ.

ಕೊಕ್ಕೆಯನ್ನು ಮೊದಲ ಹೊಲಿಗೆಯ ಅಡಿಗೆ ತೂರಿಸಿದಳು. ಎಷ್ಟು ಸಲೀಸು! ಹೇಳದೆ, ಕೇಳದೆ, ಅವಳ ಒಳ್ಳೆಯದಕ್ಕೇ. ಅಕ್ಕನೂ ಅವತ್ತು ಫೋನಿನ ಮುಂದೆ ಹೀಗೇ ಕೂತಿದ್ದಳೇನೋ. ಲೊರ್ನಾಳಿಗೆ ತನ್ನ ಮೇಲೇ ಅಸಹ್ಯವಾಯಿತು. ಕೊಕ್ಕೆಯನ್ನು ಹೊರತೆಗೆದು, ಸೂಜಿಗೆ ದಾರ ಪೋಣಿಸಿ, ಅಕ್ಕನ ಸಾಲಿನ ಪಕ್ಕದಲ್ಲೇ ಹೊಲಿಯತೊಡಗಿದಳು. ಅಷ್ಟೇ ಉದ್ದುದ್ದ, ಅಷ್ಟೇ ಸೊಟ್ಟ. ಪಳಗಿದ ಕೈಯನ್ನು ಕೆಡಿಸುವುದು ಸುಲಭವಿರಲಿಲ್ಲ.

ಕಾಫಿ ಹಿಡಿದು ಬಂದ ಜಿನೀವಾ ಬೆಚ್ಚಿ ನಿಂತಳು. ಏನು ಮಾಡುತ್ತಿದ್ದೀಯ ಎಂದು ಗದರಿದಳು.

"ಬಿಚ್ಚೋದಾದ್ರೆ ನಂದೂ ಬಿಚ್ಚು," ಎಂದಳು ಲೊರ್ನಾ. "ಇಬ್ಬರ ಎದುರಿಗೇ ಬಿಚ್ಚು."

ಆರ್ಲೀನ್ ಬಂದವಳು ಕೋಟು ತೆಗೆಯುವ ಮೊದಲೇ ಕೌದಿಯ ಮೇಲೆ ಬಗ್ಗಿದಳು. ಬೆರಳು ತನ್ನ ಸಾಲಿನ ಮೇಲೆ ಹೋಯಿತು, ಪಕ್ಕದ ಸಾಲಿಗೆ ಬಂದು ನಿಂತಿತು. ಇದು ಯಾರದೆಂದು ಕೇಳಿದಳು.

"ನಂದು," ಎಂದಳು ಲೊರ್ನಾ.

ಆರ್ಲೀನ್ ತಂಗಿಯ ಕಡೆ ತಿರುಗಿದಳು. "ಇಷ್ಟು ಕೆಟ್ಟದಾಗಿ ಹೊಲಿಯೋದು ನಾನ್ಯಾವಾಗ ಕಲಿಸಿದ್ನೇ ನಿಂಗೆ?"

ಅಷ್ಟು ಹೇಳಿ ಎದುರಿಗೆ ಕೂತಳು. ದಾರದ ತುದಿಯನ್ನು ನಾಲಿಗೆಗೆ ಒತ್ತಿ ಸೂಜಿಯ ಕಣ್ಣಿಗೆ ಹಿಡಿದಳು. ತಪ್ಪಿತು. ಮತ್ತೆ ತಪ್ಪಿತು. ಲೊರ್ನಾಳ ಕೈ ತಾನಾಗಿ ಮುಂದೆ ಬಂತು. ತಡೆದು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕಾದಳು. ಐದನೆಯ ಸಲ ತಪ್ಪಿದಾಗ ಆರ್ಲೀನ್ ಸೂಜಿ, ದಾರ ಎರಡನ್ನೂ ಕೌದಿಯ ಮೇಲಿಂದ ತಂಗಿಯತ್ತ ಚಾಚಿದಳು.