ಅಯ್ನೋರ ಪಾದ

ಹೆಬ್ಬೆರಳ ಮೇಲೆ ನೊಣ, ಅಡಿವೆವ್ವನ ಕೈ ತಾನಾಗಿಯೇ ಸೆರಗು ಹಿಡಿದು ಅದನ್ನು ಓಡಿಸುತ್ತದೆ, ಗಂಡ ಸತ್ತರೂ ಅವರ ಕಾಲು ಒರೆಸುವ ಚಾಳಿ ಸಾಯಲಿಲ್ಲ ನೋಡು — ಕಟ್ಟೆಯ ಮೇಲೆ ಗೋಡೆಗೆ ಆನಿಸಿ ಕೂರಿಸಿದ್ದಾರೆ, ಹಣೆ ತುಂಬ ವಿಭೂತಿ, ಅಂಗೈಯಲ್ಲಿ ಲಿಂಗ, ಊರಿನ ಅಯ್ನೋರಲ್ಲವೇ, ಎಷ್ಟು ಜನರನ್ನು ಹೀಗೇ ಕೂರಿಸಿ ತಲೆಯ ಮೇಲೆ ಪಾದ ಇಟ್ಟು ಮಣ್ಣಿಗೆ ಕಳಿಸಿದವರು, ಇವತ್ತು ಇವರ ತಲೆಗೆ ಪಾದ ಬೇಕು, ಹತ್ತಿಮತ್ತೂರಿನ ಅಯ್ನೋರು ಹಿರೇಕೆರೂರಿನಲ್ಲಿ ಬಸ್ಸು ಇಳಿದರಂತೆ, ಮಗ ಶಂಭುಲಿಂಗ ಬೈಕಿನಲ್ಲಿ ಕರೆತರಲು ಹೋಗಿದ್ದಾನೆ, ಬರಲಿ, ಬಾರದಿದ್ದರೂ ಆದೀತು, ಛೇ, ಎಂಥ ಮಾತು — ನಾ ಅಯ್ಯಾ ಅಲ್ಲ ಅಡಿವೆವ್ವಾ, ಇವರೇ ಅಂದಿದ್ದರು, ಶಂಭು ಹೊಟ್ಟೆಯಲ್ಲಿದ್ದಾಗ, ಇದೇ ಕಾಲು ತಾಟಿನಲ್ಲಿತ್ತು, ಅವಳು ನೀರು ಹಾಕುತ್ತಿದ್ದಳು, ಅಯ್ನೋರ ವಂಶದಾಗ ಹುಟ್ಟಿದಾಂವ ಅಲ್ಲ, ಸೊಲ್ಲಾಪುರದ ಆಚಿ ನೇಕಾರರ ಮನಿಯಾಂವ, ಹತ್ತಿ ಮಿಲ್ಲಿನ ಕೂಲಿಗೆ ಬಂದಿದ್ದೆ. ಹಣೆಯ ವಿಭೂತಿ ಕಂಡು ಊರವರೇ ದಾರಿಯಲ್ಲಿ ತಡೆದರಂತೆ, ಬರ್ರಿ ಅಯ್ನೋರ, ಹೆಣಾ ಕುಂದ್ರಿಸೇವಿ, ಪಾದ ಇಡಾಕ ಯಾರೂ ಇಲ್ರಿ, ಮರಾಠಿ ಬಿಟ್ಟು ಬೇರೆ ಮಾತು ಬಾರದ ಹುಡುಗ, ಅಲ್ಲ ಎನ್ನಲು ನಾಲಿಗೆ ಏಳಲಿಲ್ಲ, ಕಾಲು ಎದ್ದಿತು, ಅಷ್ಟೇ, ಊರು ಮನೆ ಕೊಟ್ಟಿತು, ಸವಣೂರಿನ ಕಡೆಯ ಅವಳ ಅಪ್ಪ, ಹುಟ್ಟು ಅಯ್ಯಾ, ನಂಬಿ ಮಗಳನ್ನೇ ಕೊಟ್ಟ. ಕೇಳಿ ಅವಳೇನು ಮಾಡಿದಳು, ಎಂದಿನಂತೆ ಪಾದದ ನೀರನ್ನು ಅಂಗೈಗೆ ತಗೊಂಡು ಕುಡಿದಳು, ಪ್ರೀತಿ ಇತ್ತು — ಆದರೆ ಅಪ್ಪ, ನಂಗ ಅಳಿಯಂದ ಪಾದ ಬೇಕು ಎನ್ನುತ್ತಲೇ ಸತ್ತ ಅಪ್ಪ, ಆ ದಿನ ಅವಳು ಬಾಗಿಲಲ್ಲೇ ನಿಂತಿದ್ದಳು, ಬ್ಯಾಡ ಎನ್ನಬಹುದಿತ್ತು, ಎನ್ನಲಿಲ್ಲ, ಪಾದ ಎದ್ದಿತು, ಬಿಳಿಕೂದಲಿನ ಮೇಲೆ ಇಳಿಯಿತು, ಅಂದಿನಿಂದ ಅಪ್ಪ ಮಣ್ಣೊಳಗೆ ಕೂತು ಕೇಳುತ್ತಾನೆ, ಯಾರ ಪಾದ ಅದು ಮಗಳ, ಅವನ ಹಿಂದೆ ಊರಿನ ಸತ್ತವರೆಲ್ಲ ಕೂತಿದ್ದಾರೆ, ಕೂತೇ ಇದ್ದಾರೆ.

ಬೈಕಿನ ಸದ್ದು, ಬಂದರು, ಶಂಭು ಅವರ ಕಾಲಿಗೆ ನೀರು ಹಾಕುತ್ತಿದ್ದಾನೆ, ನಾಳೆಯಿಂದ ಊರಿಗೆ ಅವನೇ ಅಯ್ಯಾ, ಯವ್ವಾ, ಎಂದರು ಹತ್ತಿಮತ್ತೂರಿನವರು, ಅಯ್ನೋರ ಮೂಲ ಮಠ ಯಾವದು, ಸೊಲ್ಲಾಪುರದ ಕಡಿ ಅಂತಾರಲ್ಲ, ಹೆಸರ ಹಿಡಿದು ಮಂತ್ರಾ ಹೇಳಬೇಕ್ರಿ. ಎಲ್ಲರ ಕಣ್ಣು ಅವಳ ಮೇಲೆ, ಮಗನದೂ, ಅವನಿಗೇನು ಗೊತ್ತು ಪಾಪ, ನಿಜ ಹೇಳಿದರೆ ಇವರು ಪಾದವಿಲ್ಲದೆ ಹೋಗುತ್ತಾರೆ, ಮಗ ಊರಿಗೆ ಬೇಡವಾಗುತ್ತಾನೆ, ಕೂತವರೆಲ್ಲ ಒಮ್ಮೆಲೇ ಏಳುತ್ತಾರೆ, ಹೇಳದಿದ್ದರೆ ಅಪ್ಪ — ನಮ್ಮಪ್ಪನ ಮಠಾನ ಇವರದೂ ರೀ, ಅಂದುಬಿಟ್ಟಳು, ತನ್ನದೇ ದನಿಯೇ ಅದು, ಜನ ಕೈ ಮುಗಿದರು, ಮಂತ್ರ ಸುರುವಾಯಿತು, ಪಾದ ಎದ್ದಿತು, ಒದ್ದೆ ಹಿಮ್ಮಡಿಯಿಂದ ಒಂದು ಹನಿ ಇವರ ವಿಭೂತಿಯ ಮೇಲೆ ಬಿತ್ತು, ಇಡ್ರಿ, ಲಗೂನ ಇಡ್ರಿ, ಇಳಿಯಲೊಲ್ಲದು, ಕೆಳಗಿರುವುದು ಇವರ ತಲೆಯಲ್ಲ, ಅಪ್ಪನ ಬಿಳಿಕೂದಲು, ಯಾರ ಪಾದ ಅದು ಮಗಳ, ಮೇಲೆ ಪಾದ, ಬರೀ ಪಾದ, ಹೆಬ್ಬೆರಳ ಮೇಲೆ ನೊಣ —