ಪರದೆಯ ತುಂಬ ನನ್ನ ಮುಖ

ನಾನು ಕಲಿಸಿಕೊಟ್ಟ ಆ್ಯಪುಗಳನ್ನೇ ಕಣ್ಣು ಮಾಡಿಕೊಂಡು ನನ್ನ ಗಂಡ ಊರಿನ ಜನರನ್ನು ಬಸ್ಸಿನಲ್ಲಿ ಹೊತ್ತು ತಿರುಗುತ್ತಿದ್ದರು. ಒಂದೇ ಮೇಜಿಗೆ ಕೂತು ಉಣ್ಣುವ ಮನುಷ್ಯನಿಗೆ ಎದುರಿಗಿರುವ ನನ್ನ ಮುಖ ಕಾಣುತ್ತಿಲ್ಲ ಎಂಬುದು ನನಗೆ ಗೊತ್ತಾಗಲಿಲ್ಲ. ಗೊತ್ತಾಗುವುದಾದರೂ ಹೇಗೆ? ಗಂಡ ಕೊನೆಗೂ ನನ್ನ ದಾರಿಗೆ ಬಂದರೆಂದು ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ.

ನನ್ನ ಕೆಲಸ ಫೋನು ಕಲಿಸುವುದು. ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ವಯಸ್ಸಾದವರಿಗೆ ಪಾಠ ಹೇಳುತ್ತೇನೆ. ಬರುವವರೆಲ್ಲರ ಕೈಯಲ್ಲೂ ದೊಡ್ಡ ದೊಡ್ಡ ಫೋನು. ಅದರಲ್ಲಿ ಮಾಡುವುದು ಮಾತ್ರ ಹಲೋ ಅನ್ನುವುದು, ಮೊಮ್ಮಕ್ಕಳ ಫೋಟೊ ನೋಡುವುದು, ಅಷ್ಟೇ. ಅದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮಾತ್ರೆ ನುಂಗುವ ಹೊತ್ತು ನೆನಪಿಸಲಿಕ್ಕೆ ಆ್ಯಪ್ ಇದೆ, ಗೋಡೆಗೆ ಕಪಾಟು ಹಿಡಿಯುತ್ತದೋ ಇಲ್ಲವೋ ಅಳೆಯಲಿಕ್ಕೆ ಆ್ಯಪ್ ಇದೆ, ಒಣಗಿದ ಗಿಡಕ್ಕೆ ಏನು ರೋಗ ಎಂದು ಹೇಳಲಿಕ್ಕೂ ಇದೆ, ದಿನಾ ಬಳಸಿ ಮಾರಾಯ್ರೇ ಎಂದು ನಾನು ಎಲ್ಲರ ತಲೆ ತಿನ್ನುತ್ತಿದ್ದೆ. ಹಾಗಾಗಿ ಬೀದಿಯಲ್ಲಿ ನನಗೆ ಆ್ಯಪಕ್ಕ ಎಂದೇ ಹೆಸರು.

ನನ್ನ ಪಾಠಕ್ಕೆ ಸೊಪ್ಪು ಹಾಕದವರೆಂದರೆ ನಮ್ಮ ಯಜಮಾನರೊಬ್ಬರೇ. ಸಿಟಿ ಬಸ್ಸಿನ ಡ್ರೈವರು, ಮೊದಲಿನಿಂದಲೂ ಒಂದೇ ರೂಟು. ಆ ದಾರಿಯ ತಿರುವು, ಗುಂಡಿ, ನಿಲ್ದಾಣ ಎಲ್ಲ ಅವರಿಗೆ ಅಂಗೈ ಗೆರೆ. "ನನ್ನ ಎರಡು ಕಣ್ಣು, ಎರಡು ಕಿವಿ ಸಾಕು. ನಿನ್ನ ಆಟದ ಸಾಮಾನು ನೀನೇ ಇಟ್ಕೋ," ಎಂದು ಗೇಲಿ ಮಾಡುತ್ತಿದ್ದರು.

ಅಂಥವರು ಒಂದು ಸಂಜೆ ತಾವಾಗಿಯೇ ಫೋನು ಹಿಡಿದು ನನ್ನ ಪಕ್ಕಕ್ಕೆ ಬಂದು ಕೂತರು. "ಪೇಪರ್ ಓದಿ ಹೇಳೋ ಆ್ಯಪ್ ಇದೆ ಅಂತಿದ್ದೆಯಲ್ಲ, ಹಾಕಿಕೊಡು ನೋಡೋಣ."

"ಯಾಕೆ, ಕಣ್ಣು ಕಿವಿ ಎಲ್ಲಿ ಹೋದವು?"

"ಅವುಕ್ಕೂ ರಜೆ ಬೇಡ್ವೇನೇ?"

ಬಿದ್ದು ಬಿದ್ದು ನಕ್ಕೆ. ಹಾಕಿಕೊಟ್ಟೆ. ಆಮೇಲೆ ಸಣ್ಣದನ್ನು ದೊಡ್ಡದು ಮಾಡಿ ತೋರಿಸುವ ಆ್ಯಪ್ ಕೇಳಿದರು. ಬಂದ ಮೆಸೇಜನ್ನು ಗಟ್ಟಿಯಾಗಿ ಓದಿಸುವುದನ್ನು ಕಲಿತರು. ಕ್ಯಾಮೆರಾ ಹಿಡಿದರೆ ಎದುರಿಗೆ ಏನಿದೆ ಎಂದು ಹೇಳುವ ಆ್ಯಪನ್ನು ನಾನೇ ಒತ್ತಾಯ ಮಾಡಿ ಹಾಕಿದೆ. ಮೊದಲ ಸಲ ಅದನ್ನು ಅಡುಗೆಮನೆಯಲ್ಲಿ ನನ್ನ ಕಡೆಗೇ ಹಿಡಿದರು. ಫೋನಿನೊಳಗಿನ ಹೆಂಗಸು ತಣ್ಣಗೆ ಹೇಳಿದಳು: "ಎದುರಿಗೆ ಒಬ್ಬ ವಯಸ್ಸಾದ ಮಹಿಳೆ. ಕೈಯಲ್ಲಿ ಸೌಟು."

"ವಯಸ್ಸಾದ ಮಹಿಳೆಯಂತೆ! ಅವಳ ನಾಲಿಗೆಗೆ ಬೆಂಕಿ ಬೀಳ!"

"ಸುಳ್ಳು ಹೇಳೋದನ್ನ ನೀನು ಕಲಿಸಿಲ್ಲವಲ್ಲ, ಪಾಪ," ಎಂದು ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಅದನ್ನು ಮನೆ ತುಂಬ ಹಿಡಿದುಕೊಂಡು ಓಡಾಡಿದರು. ಮಕ್ಕಳಾಟ ಎಂದುಕೊಂಡೆ.

ಧ್ವನಿ ಮುದ್ರಿಸಿಕೊಳ್ಳುವ ಆ್ಯಪನ್ನಂತೂ ಬಚ್ಚಲಿಗೂ ಒಯ್ದರು. ಅವರ ಬಸ್ಸಿನ ಕಂಡಕ್ಟರ್ ಒಬ್ಬನಿದ್ದಾನೆ, ಬಾಯಿ ಮುಚ್ಚಿದವನೇ ಅಲ್ಲ, ಎಲ್ಲರೂ ಅವನನ್ನು ಚಿಲಿಪಿಲಿ ಎನ್ನುತ್ತಾರೆ. ಅವನ ಧ್ವನಿಯಲ್ಲಿ ಮುದ್ರಿಸಿಕೊಂಡ ಸಾಲು ಸಾಲು ಬಿಡಿ ಅಕ್ಷರಗಳು. ಇವರು ಅದರ ಜೊತೆ ಮಗ್ಗಿ ಉರು ಹೊಡೆದ ಹಾಗೆ ಹೇಳುತ್ತಿದ್ದರು. ಏನ್ರೀ ಇದು ಎಂದರೆ, "ಡಿಪೋ ಕಂಪ್ಯೂಟರಿನ ಪಾಸ್‌ವರ್ಡ್," ಎಂದರು. ಅದೇ ವಾರ ಡಿಪೋದಲ್ಲಿ ಡ್ರೈವರುಗಳಿಗೆ ಕಣ್ಣಿನ ಪರೀಕ್ಷೆ ಇತ್ತು. ಪಾಸಾಗಿ ಬಂದರು. ಈ ವಯಸ್ಸಲ್ಲೂ ಕನ್ನಡಕ ಬೇಡ ನಮ್ಮನೆಯವರಿಗೆ ಎಂದು ನಾನು ನಾದಿನಿಗೆ ಫೋನು ಮಾಡಿ ಹೇಳಿಕೊಂಡೆ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಆಮೇಲೆ ಬಸ್ಸಿನ ಸ್ಟೇರಿಂಗ್ ಪಕ್ಕ ಫೋನು ನಿಲ್ಲಿಸುವ ಸ್ಟ್ಯಾಂಡು ಬಂತು. ದಾರಿ ತೋರಿಸುವ ಮ್ಯಾಪ್ ಹಾಕಿಕೊಳ್ಳುತ್ತೇನೆ ಎಂದರು. ಹುಟ್ಟಿದಾಗಿನಿಂದ ಒಂದೇ ದಾರಿಯಲ್ಲಿ ಓಡುವ ಬಸ್ಸಿಗೆ ಮ್ಯಾಪು! ನಾನು ನಕ್ಕೆನೇ ಹೊರತು ಯೋಚಿಸಲಿಲ್ಲ. ಬಸ್ಸು ಓಡಿಸುವಾಗ ಯಾರ ಕರೆಯೂ ಬಾರದ ಹಾಗೆ ಫೋನನ್ನು ಹೊಂದಿಸಿಕೊಟ್ಟವಳೂ ನಾನೇ. ನನ್ನ ನಂಬರಿಗೆ ಮಾತ್ರ ಬಾಗಿಲು ತೆರೆದಿಟ್ಟೆ, ಹೆಚ್ಚು ಕಡಿಮೆ ಏನಾದರೂ ಆದರೆ ಬೇಕಾಗುತ್ತದಲ್ಲ. ನಾನು ಕರೆ ಮಾಡಿದರೆ ಪರದೆಯ ತುಂಬ ನನ್ನ ಫೋಟೊ ಬರುವ ಹಾಗೂ ಮಾಡಿದೆ. ಆದರೆ ಅವರು ಸ್ಟೇರಿಂಗ್ ಹಿಡಿದಾಗ ನಾನು ಫೋನು ಮಾಡಬಾರದು, ಇದು ನಮ್ಮ ಮನೆಯ ಕಾನೂನು. ಮದುವೆಯಾದಾಗಿನಿಂದ ಅಲ್ಲಿಯವರೆಗೆ ನಾನು ಅದನ್ನು ಮುರಿದವಳಲ್ಲ.

ಆ ದಿನ ಮಧ್ಯಾಹ್ನ ಪಾಠ ಮುಗಿದ ಮೇಲೆ ನನ್ನ ಶಿಷ್ಯೆಯೊಬ್ಬಳನ್ನು ಕರೆದುಕೊಂಡು ಬಸ್ಸಿಗೆ ಹೊರಟೆ. ಬಟ್ಟೆ ಹೊಲಿಯುವ ಹೆಂಗಸು, ನಾವೆಲ್ಲ ದರ್ಜಿ ಅಜ್ಜಿ ಎನ್ನುತ್ತೇವೆ. ಆ್ಯಪುಗಳ ಮೇಲೆ ಅಜ್ಜಿಗೆ ಎಳ್ಳಷ್ಟೂ ನಂಬಿಕೆ ಇಲ್ಲ. ನಮ್ಮ ಯಜಮಾನರನ್ನು ತೋರಿಸಿ ಅವಳ ಬಾಯಿ ಮುಚ್ಚಿಸಬೇಕೆಂದು ನನಗೆ ಹಟ.

ಶಾಲೆಯ ಹತ್ತಿರದ ನಿಲ್ದಾಣದಲ್ಲಿ ಇಬ್ಬರೂ ಹಿಂದಿನ ಬಾಗಿಲಿಂದ ಹತ್ತಿದೆವು. ಚಿಲಿಪಿಲಿ ಮುಂದೆ, ಡ್ರೈವರ ಪಕ್ಕದಲ್ಲೇ ನಿಂತು ಬಾಯಿ ಬಡಿದುಕೊಳ್ಳುತ್ತಿದ್ದ. ಅವನ ಜಾಗ ಯಾವಾಗಲೂ ಅದೇ ಎಂದು ಆಮೇಲೆ ತಿಳಿಯಿತು. ನಾನು ಕೊಡೆ ಆಡಿಸಿ ಕರೆದೆ. "ಬಾರಪ್ಪ ಇಲ್ಲಿ, ಟಿಕೆಟ್ ಬೇಡ್ವಾ? ಹೊಸ ಪ್ಯಾಸೆಂಜರ್ ಕರ್ಕೊಂಡು ಬಂದಿದೀನಿ!"

ಅವನು ಒಂದು ಗಳಿಗೆ ಹಿಂದೆ ಮುಂದೆ ನೋಡಿದ. ಆಮೇಲೆ ಹಲ್ಲು ಕಿಸಿದು ಬಂದ.

"ನೋಡ್ತಿರಿ ಅಜ್ಜಿ," ಎಂದೆ ನಾನು. "ಬಸ್ಸು ನಿಂತೇ ಇದೆಯಲ್ಲ. ನಾನಿಲ್ಲಿಂದ ಫೋನ್ ಮಾಡ್ತೀನಿ, ಅಲ್ಲಿ ಮುಂದೆ ಅವರ ಫೋನಿನ ತುಂಬ ನನ್ನ ಮೂತಿ ಬರುತ್ತೆ. ತಿರುಗಿ ನೋಡಿ ನಗ್ತಾರೆ, ನೋಡಿ ಬೇಕಾದ್ರೆ."

ಗುಂಡಿ ಒತ್ತಿದೆ. ಅದೇ ಹೊತ್ತಿಗೆ ಯಾರೋ ಪ್ರಯಾಣಿಕರು ಆತುರಕ್ಕೆ ಹೊರಡುವ ಗಂಟೆ ಬಾರಿಸಿಬಿಟ್ಟರು. ಬಸ್ಸು ಹೊರಟಿತು. ಮುಂದೆ, ಅಷ್ಟು ದೂರದಲ್ಲಿ, ನನ್ನ ನಗುಮುಖ ಬೆಳಗುತ್ತಿರುವುದು ನನಗೇ ಕಂಡಿತು. ಅಜ್ಜಿ ಕತ್ತು ಉದ್ದ ಮಾಡಿ ನೋಡಿದಳು.

"ಕರೆ ಕಟ್ ಮಾಡಿ!" ಚಿಲಿಪಿಲಿ ಕಿರುಚಿದ. ಆ ಧ್ವನಿ ಅವನದು ಎಂದು ನಂಬಲಿಕ್ಕಾಗಲಿಲ್ಲ. "ಆ್ಯಪಕ್ಕಾ, ಕಟ್ ಮಾಡಿ! ಸಿಗ್ನಲ್ ಕೆಂಪಿದೆ! ಅಣ್ಣಾ, ಕೆಂಪು! ಕೆಂಪು!"

ಹಗ್ಗ ಹಿಡಿದು ಗಂಟೆಯನ್ನು ಕಿತ್ತುಬರುವ ಹಾಗೆ ಬಾರಿಸಿದ. ಬ್ರೇಕು ಬಿತ್ತು. ನಿಂತವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಬಸ್ಸಿನ ಮೂತಿಗೆ ಏನೋ ಟಪ್ಪೆಂದು ತಗುಲಿದ ಸದ್ದಾಯಿತು, ಹೊರಗೆ ಹೆಂಗಸೊಬ್ಬಳು ಚೀರಿದಳು.

ಅದು ಶಾಲೆ ಬಿಡುವ ಹೊತ್ತು.

ಅಜ್ಜಿಯನ್ನು ಸೀಟಿಗೆ ಆನಿಸಿ ಕಿಟಕಿಯಿಂದ ಹೊರಗೆ ಬಗ್ಗಿದೆ. ಮಕ್ಕಳನ್ನು ರಸ್ತೆ ದಾಟಿಸುವ ಹೆಂಗಸು ಎರಡೂ ತೋಳು ಚಾಚಿ ಮಕ್ಕಳನ್ನೆಲ್ಲ ಫುಟ್‌ಪಾತಿಗೆ ದೂಡಿ ಅಡ್ಡ ನಿಂತಿದ್ದಳು. ಅವಳ ಕೈಯಲ್ಲಿರಬೇಕಾದ 'ನಿಲ್ಲಿ' ಎಂಬ ಕೆಂಪು ಫಲಕ ನಮ್ಮ ಬಸ್ಸಿನ ಚಕ್ರದಡಿಯಲ್ಲಿ ಎರಡು ತುಂಡಾಗಿತ್ತು. ಒಂದು ಮಗು ತನ್ನ ಚೀಲವನ್ನು ಎದೆಗೆ ಅವುಚಿಕೊಂಡು ಅಳುವುದನ್ನೂ ಮರೆತು ನಿಂತಿತ್ತು. ಯಾರಿಗೂ ಏನೂ ಆಗಿರಲಿಲ್ಲ. ಅದು ನಮ್ಮ ಪುಣ್ಯ, ಬೇರೇನೂ ಅಲ್ಲ.

ಚಿಲಿಪಿಲಿ ಬಸ್ಸಿನ ನೆಲದ ಮೇಲೆ ಕುಸಿದು ಕೂತಿದ್ದ. "ನಾನು ಜಾಗ ಬಿಟ್ಟು ಬರಬಾರದಿತ್ತು ಆ್ಯಪಕ್ಕ," ಎಂದು ಬಿಕ್ಕಿದ. "ನಾನು ಪಕ್ಕದಲ್ಲಿ ನಿಂತು ಹೇಳ್ತಿರ್ತೀನಿ. ಸೈಕಲ್ ಬಂತು, ನಾಯಿ ಬಂತು, ಕೆಂಪಾಯ್ತು ಅಂತ. ಜನ ತಮಾಷೆ ಅಂದ್ಕೊಂಡು ನಗ್ತಾರೆ. ನಾನಿಲ್ಲದಾಗ ಅಣ್ಣನಿಗೆ ಫೋನೇ ಗತಿ."

ಕಣ್ಣಿನ ಪರೀಕ್ಷೆಗೆಂದು ಉರು ಹೊಡೆದ ಆ ಬಿಡಿ ಅಕ್ಷರಗಳು, ಓದಿಸಿದ ಪೇಪರು, ಬೇಕಿಲ್ಲದ ಮ್ಯಾಪು, ಎಲ್ಲ ಒಟ್ಟಿಗೇ ನನ್ನ ತಲೆಯ ಮೇಲೆ ಬಿದ್ದವು. ಜನರನ್ನು ನೂಕಿಕೊಂಡು ಮುಂದಕ್ಕೆ ಹೋದೆ. ನನ್ನ ಕರೆ ಕಡಿದುಹೋಗಿತ್ತು. ಸ್ಟ್ಯಾಂಡಿನ ಮೇಲಿನ ಫೋನಿನಲ್ಲಿ ಸಿಗ್ನಲಿನ ಕೆಂಪು ದೀಪವೊಂದೇ, ತಟ್ಟೆಯಷ್ಟು ದೊಡ್ಡದಾಗಿ, ಪರದೆಯ ತುಂಬ ಕಾಣುತ್ತಿತ್ತು. ದೊಡ್ಡದು ಮಾಡಿ ತೋರಿಸುವ ಆ್ಯಪ್. ನಾನೇ ಹಾಕಿಕೊಟ್ಟದ್ದು. ಆ ದೀಪದ ಮೇಲೆ ನನ್ನ ಮುಖ ಬಂದು ಕೂತಿತ್ತು.

ಯಜಮಾನರು ಸ್ಟೇರಿಂಗನ್ನು ಬಿಗಿಯಾಗಿ ಹಿಡಿದೇ ಕೂತಿದ್ದರು. ನಾನು ಅವರಿಂದ ಒಂದು ಮಾರು ದೂರದಲ್ಲಿ ನಿಂತಿದ್ದೆ. ನನ್ನ ಭುಜದಾಚೆ ಎಲ್ಲೋ ನೋಡುತ್ತ, "ಸ್ವಲ್ಪ ಸರಿಯಮ್ಮಾ, ಸರಿಯಿರಿ," ಎಂದರು.

ಅವರು ಫೋನನ್ನು ಸ್ಟ್ಯಾಂಡಿನಿಂದ ಕಿತ್ತು, ಬೆರಳು ತಡವರಿಸುತ್ತ ಏನೋ ಒತ್ತಿ, ರಸ್ತೆಯ ಕಡೆ ಹಿಡಿದರು. ಫೋನಿನೊಳಗಿನ ಹೆಂಗಸು ಅದೇ ತಣ್ಣನೆಯ ಧ್ವನಿಯಲ್ಲಿ ಹೇಳಿದಳು: "ರಸ್ತೆ. ನಿಂತಿರುವ ಕೆಲವು ಮಕ್ಕಳು. ನೆಲದ ಮೇಲೆ ಮುರಿದ ಫಲಕ."

"ನಿಂತಿದಾರೆ," ಎಂದರು. "ನಿಂತಿದಾರೆ." ಆಮೇಲೆ ಫೋನು ನನ್ನ ಕಡೆ ತಿರುಗಿತು.

"ಎದುರಿಗೆ ಒಬ್ಬ ವಯಸ್ಸಾದ ಮಹಿಳೆ. ಕೈಯಲ್ಲಿ ಹಳದಿ ಕೊಡೆ. ಅಳುತ್ತಿದ್ದಾರೆ."

ಆ ಕೊಡೆ ಅವರೇ ತಂದುಕೊಟ್ಟದ್ದು. ಅವರ ಮುಖ ಬಿಳುಚಿತು. "ನೀನಾ?"

"ಹೂಂ, ನಾನೇ. ಎಷ್ಟು ದಿನದಿಂದ ರೀ?"

"ಮಧ್ಯದಲ್ಲೊಂದು ಮಸಿ ಕಲೆ ಕಣೇ. ಸುತ್ತ ಎಲ್ಲ ಕಾಣುತ್ತೆ. ನೋಡಬೇಕು ಅಂದ ಕಡೆ ಮಾತ್ರ ಇಲ್ಲ. ಡಾಕ್ಟರ ಹತ್ರ ಹೋದ್ರೆ ಅವತ್ತೇ ಬಸ್ಸು ಹೋಗುತ್ತೆ. ಬಸ್ಸಿಲ್ಲದೆ ನಾನು ಯಾರು ಹೇಳು."

ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ತಬ್ಬಿಕೊಳ್ಳಬೇಕು ಅಂತಲೂ ಅನ್ನಿಸಿತು. ಎರಡೂ ಆಗದೆ ಕೇಳಬಾರದ್ದನ್ನು ಕೇಳಿದೆ. "ನನ್ನ ಮುಖ?"

"ಫೋನ್ ಮಾಡಿದಾಗ ಕಾಣುತ್ತಲ್ಲ," ಎಂದರು ಮೆಲ್ಲಗೆ. "ದೊಡ್ಡದಾಗಿ ಬರುತ್ತೆ. ಇವತ್ತೂ ಅದನ್ನೇ ನೋಡ್ತಾ ಇದ್ದುಬಿಟ್ಟೆ."

ಹಿಂದಿನ ವಾಹನಗಳು ಒಂದೇ ಸಮ ಹಾರನ್ ಬಾರಿಸತೊಡಗಿದವು. ಅವರು ಅಭ್ಯಾಸಬಲದಿಂದ ಗೇರಿನ ಮೇಲೆ ಕೈಯಿಟ್ಟರು. ಆಮೇಲೆ, ಮಗು ಕೇಳುವ ಹಾಗೆ ನನ್ನನ್ನು ಕೇಳಿದರು: "ಹಸಿರಾಯ್ತಾ?"

ತಲೆಯೆತ್ತಿ ನೋಡಿದೆ. ಆಗಿತ್ತು.

"ಆಗಿದೆ," ಎಂದೆ. "ನೀವು ಇಳೀರಿ. ಕೀ ಕೊಡಿ."

ಗೇರಿನ ಮೇಲಿದ್ದ ಕೈ ತೆಗೆದರು. ಕೊನೆಗೆ ಎಂಜಿನ್ ಆರಿಸಿ, ಕೀ ತೆಗೆದು ನನ್ನ ಕಡೆ ಚಾಚಿದರು. ಅವರು ಚಾಚಿದ್ದು ನನ್ನ ಕೈಯಿಂದ ಒಂದು ಗೇಣು ಆಚೆಗೆ, ಖಾಲಿ ಗಾಳಿಗೆ. ನಾನೇ ಸರಿದು ಹೋಗಿ ತೆಗೆದುಕೊಂಡೆ.